ಮೀಸೆ ಹಾಲು

ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಸುಭದ್ರಾ ಎದ್ದು ಹಾಲು ಕಾಯಿಸಿದಳು. ಗಂಡ ಸುಮಂತ ತೀರಿಹೋದಾಗಿನಿಂದ ನಾಲ್ಕು ವರ್ಷದ ಲಹರಿ ಹಾಲು ಮುಟ್ಟಿರಲಿಲ್ಲ. ಇವತ್ತು ಹೇಗಾದರೂ ಒಂದು ಲೋಟ ಕುಡಿಸಲೇಬೇಕು.

"ಮೀಸಿ ಹಾಲು ಬೇಕು. ಅಪ್ಪ ಕೊಡ್ತಿದ್ದನಲ್ಲ, ಮ್ಯಾಲೆ ನೊರಿ ಇರತೈತಿ, ಕುಡದ್ರ ಮೀಸಿ ಬರತೈತಿ," ಎಂದಳು ಲಹರಿ.

ಸುಭದ್ರಾ ಎಂದೂ ಅದನ್ನು ಕಂಡವಳಲ್ಲ. ಬೆಳಿಗ್ಗೆ ಆರಕ್ಕೆಲ್ಲ ಪಟಾನ್‌ಚೆರುವಿನ ಔಷಧ ಕಾರ್ಖಾನೆಯ ಬಸ್ಸು ಹಿಡಿಯುವವಳು. ಮಗಳ ಹಾಲು ಸುಮಂತನ ಪಾಲಿನ ಕೆಲಸ.

ಎದುರುಮನೆಯ ಗಂಗೂಬಾಯಿ ಬಾಗಿಲು ತಟ್ಟದೆ ಒಳಗೆ ಬಂದರು. "ಅದಕ್ಕ ನಮ್ಮ ಬೀದರ ಕಡೆ ಬುರುಗಹಾಲು ಅಂತೀವಿ. ಸರಿ ಆಕಡೆ." ತಂಬಿಗೆಯಿಂದ ತಂಬಿಗೆಗೆ ಮಾರೆತ್ತರದಿಂದ ಸುರಿದರು. ಅರ್ಧ ಹಾಲು ಒಲೆಗೆ ಹೋಯಿತು, ಕಾಲು ಭಾಗ ಸುಭದ್ರಾಳ ಸೀರೆಗೆ. ಉಳಿದದ್ದರ ನೊರೆ ಉಪ್ಪಲ್ ಬಸ್ಸಿನ ಖಾಲಿ ಸೀಟಿನ ಹಾಗೆ ನೋಡನೋಡುತ್ತಲೇ ಮಾಯವಾಯಿತು.

ಗದ್ದಲ ಕೇಳಿ ಮೇಲಿನ ಮಹಡಿಯಿಂದ ದಿನೇಶ, ಅಮೋಲ್ ಇಳಿದು ಬಂದರು. ಇಬ್ಬರೂ ಸುಮಂತನ ಆಫೀಸಿನವರು. ಕಂಪನಿ ದಿನೇಶನನ್ನು ಆರು ತಿಂಗಳು ಮೆಲ್ಬೋರ್ನಿಗೆ, ಅಮೋಲ್‌ನನ್ನು ಎಂಟು ತಿಂಗಳು ಆಕ್ಲೆಂಡಿಗೆ ಕಳಿಸಿತ್ತು. ಅದನ್ನು ಇಬ್ಬರೂ ಇನ್ನೂ ಮರೆತಿರಲಿಲ್ಲ.

"ವೈನಿ, ಇದು ಬೇಬಿಚೀನೊ. ಅಲ್ಲೆ ಕೆಫೆದಾಗ ಹುಡುಗರಿಗೆ ಕೊಡ್ತಾರ," ಎಂದ ದಿನೇಶ.

"ಫ್ಲಫಿ ಅನ್ನಪಾ. ಬೇಬಿಚೀನೊ ಅಂದ್ರ ಆಕ್ಲೆಂಡಿನಾಗ ನಗ್ತಾರ," ಎಂದ ಅಮೋಲ್.

"ಹೆಸರು ಆಮ್ಯಾಲೆ ಇಟ್ಟಕೋರಿ. ಮಾಡೋದು ಹೆಂಗ ಹೇಳ್ರಿ," ಎಂದಳು ಸುಭದ್ರಾ.

ಮಾಡುವುದು ಇಬ್ಬರಿಗೂ ಗೊತ್ತಿರಲಿಲ್ಲ. ದಿನೇಶನ ಕಾರಿನಲ್ಲಿ ಎಲ್ಲರೂ ಮಾಧಾಪುರದ ಕೆಫೆಗೆ ಹೋದರು. ಗಂಗೂಬಾಯಿಯನ್ನು ಯಾರೂ ಕರೆದಿರಲಿಲ್ಲ. ಮುಂದಿನ ಸೀಟಿನಲ್ಲಿ ಅವರೇ ಕೂತಿದ್ದರು. ಕೌಂಟರಿನ ಹುಡುಗಿಯ ಮೇಲೆ ಬೇಬಿಚೀನೊ, ಫ್ಲಫಿ, ಬುರುಗಹಾಲು ಮೂರೂ ಒಟ್ಟಿಗೆ ಬಿದ್ದವು. ಆಕೆ ಸುಭದ್ರಾಳ ಮುಖ ನೋಡಿ, "ನುರಗ ಪಾಲಾ, ಮೇಡಂ?" ಎಂದು ತೆಲುಗಿನಲ್ಲಿ ಕೇಳಿ, ಎರಡೇ ನಿಮಿಷದಲ್ಲಿ ಕಪ್ಪಿನ ತುಂಬ ನೊರೆಹಾಲು ತಂದಿಟ್ಟಳು.

ಲಹರಿ ಕಪ್ಪನ್ನು ದೂರ ಸರಿಸಿದಳು. "ಇದು ಝುಂಯ್ ಅನ್ನಲಿಲ್ಲ."

"ಝುಂಯ್ ಅನ್ನೋದು ಯಾವುದವಾ?"

"ಅಪ್ಪನ ಬೂಟಿನಾಗ ಐತಿ."

ಮನೆಗೆ ಬಂದು ನೋಡಿದರೆ ನಿಜ. ಸುಮಂತನ ಕ್ರಿಕೆಟ್ ಬೂಟಿನೊಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಪುಟ್ಟ ಬ್ಯಾಟರಿ ಕಡಗೋಲು. ಸುಭದ್ರಾ ಅದನ್ನು ಮೂರು ಸಲ ತೊಳೆದು ಹಾಲಿಗಿಟ್ಟು ಗುಂಡಿ ಒತ್ತಿದಳು. ಝುಂಯ್. ಲಹರಿ ಲೋಟ ಖಾಲಿ ಮಾಡಿ, ಬಿಳಿ ಮೀಸೆ ತೋರಿಸಿದಳು.

"ಬೂಟಿನಾಗ ಯಾಕ ಇಟ್ಟಿದ್ದ?"

"ಅದು ಗಂಗೂ ಅಜ್ಜೀದು. ಇಸಗೊಂಡು ಬಂದದ್ದು ಗೊತ್ತಾದ್ರ ಅಮ್ಮ ಬೈತಾಳ ಅಂದಿದ್ದ."

ಗಂಗೂಬಾಯಿ ರಟ್ಟೆ ನೀವಿಕೊಳ್ಳುತ್ತ ಗೋಡೆ ನೋಡುತ್ತಿದ್ದರು.

"ಮುಂಜಾನಿಂದ ನಿಮಗ ಗೊತ್ತಿತ್ತೇನ್ರಿ?"

"ಮಗ ಕಳಸಿದ್ದವಾ, ಮಜ್ಜಿಗಿ ಕಡಿಯಾಕ. ಈ ಹಾಲಿಗಂತ ಸುಮಂತ ಒಯ್ದಿದ್ದ. ಸಾವಾದ ಮನಿಯಾಗ ಕೊಟ್ಟ ಸಾಮಾನು ತಿಂಗಳತನಕ ವಾಪಸ್ ಕೇಳಬಾರದು."

"ಕೇಳಬ್ಯಾಡ್ರಿ, ಹೇಳಬೇಕಿತ್ತು. ನಾ ಹುಡುಕ್ತಿದ್ದೆ."

"ಹೇಳಿದ್ರ ಕೇಳಿದಂಗ ಆಗ್ತಿತ್ತಲ್ಲ."

ಸುಭದ್ರಾ ಕಡಗೋಲನ್ನು ಮತ್ತೆ ತೊಳೆದು, ಒರೆಸಿ, ಎರಡೂ ಕೈಯಿಂದ ಮುಂದೆ ಚಾಚಿದಳು. 'ಇರಲಿ, ಇಟ್ಟಕೋ' ಎನ್ನಬಹುದೆಂದು ಒಂದು ಕ್ಷಣ ಕಾದಳು ಕೂಡ.

ಗಂಗೂಬಾಯಿ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದರು. "ಚಿಂತಿ ಮಾಡಬ್ಯಾಡ. ನಾಳಿಂದ ದಿನಾ ಐದಕ್ಕ ನಾನ ಇದನ್ನ ತಗೊಂಡು ಬರ್ತೀನಿ. ನೀ ಎದ್ದು ಬಾಗಲಾ ತೆರದಿಡು, ಸಾಕು."