ಸುಬ್ಬಯ್ಯ ನಮ್ಮವರಲ್ಲ ಎಂದದ್ದು

ಅವತ್ತು ನಮ್ಮ ಜಗಲಿಯಲ್ಲಿ ಇದ್ದದ್ದು ನಾಲ್ಕೇ ಜನ. ನಾನು, ನನ್ನ ಹೆಂಡತಿ ಶಾರದೆ, ಪಕ್ಕದಲ್ಲಿ ಹೋಂಸ್ಟೇ ನಡೆಸುವ ಪುಟ್ಟಸ್ವಾಮಿ, ಮತ್ತೆ ಅವನ ಜೀಪಿನಿಂದ ಇಳಿದ, ಅರವತ್ತು ದಾಟಿದ ಒಬ್ಬ ಅಮೆರಿಕದ ಹೆಂಗಸು. ನಾಲ್ವರಲ್ಲಿ ಮೂವರು ನಗುತ್ತಿದ್ದರು. ನಗದೆ ಕುಳಿತವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಅನುಮಾನ ನನಗೆ ಅಜ್ಜಿಯಿಂದ ಬಂದ ಆಸ್ತಿ. ಆಕೆಯ ಬಾಯಿಂದಲೇ ನಾನು ಮಾತು ಕಲಿತದ್ದು. ಮಾತಿನ ಜೊತೆ ಇದನ್ನೂ ಕಲಿತೆ. ಕೈಯಲ್ಲಿ ಕಾಗದ ಹಿಡಿದು ಬಂದವರಿಗೆ ಅಜ್ಜಿ ನೀರು ಕೊಡುತ್ತಿದ್ದಳು, ಬೆಲ್ಲ ಕೊಡುತ್ತಿದ್ದಳು, ಹೆಸರು ಮಾತ್ರ ಕೊಡುತ್ತಿರಲಿಲ್ಲ. ಜನಗಣತಿಯವರನ್ನು ಮನೆಯ ಬೆಕ್ಕಿನ ಹೆಸರೂ ಹೇಳದೆ ಸಾಗಹಾಕಿದವಳು. ನಾನೂ ಅಷ್ಟೆ. ಮೇಷ್ಟ್ರಾಗಿದ್ದ ಕಾಲದಲ್ಲಿ "ಹೊಟ್ಟೆನೋವು ಸಾರ್" ಎಂದ ಹುಡುಗನಿಗೆ ಯಾವ ಕಡೆ ನೋವು ಎಂದು ಎರಡು ಸಲ ಕೇಳಿ, ಎರಡೂ ಉತ್ತರ ತಾಳೆಯಾದರೆ ಮಾತ್ರ ಮನೆಗೆ ಬಿಡುತ್ತಿದ್ದೆ.

ಅದರ ಮೇಲೆ ಆಗ ನಮ್ಮ ಎರಡು ಎಕರೆ ಕಾಫಿ ತೋಟದ ಚಿಂತೆ ಬೇರೆ. ಕೊಡ್ಲಿಪೇಟೆ ಕಡೆಯ ನಮ್ಮೂರಲ್ಲಿ ತೋಟದಲ್ಲಿ ಬೆವರು ಸುರಿಸುವವರು ಬದುಕಿದ್ದವರು, ಪಹಣಿಯಲ್ಲಿ ಯಜಮಾನಿಕೆ ಮಾಡುವವರು ಸತ್ತವರು. ನಮ್ಮದಂತೂ ಇನ್ನೂ ಮುತ್ತಾತ ಸುಬ್ಬಯ್ಯನವರ ಹೆಸರಲ್ಲೇ ಇದೆ. ಅವರು ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದವರು. ಬಿಳಿ ದೊರೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗ ಅದು. ನನ್ನ ಹೆಸರಿಗೆ ಖಾತೆ ಮಾಡಿಕೊಡಿ ಎಂದು ಅರ್ಜಿ ಹಾಕಿ ನಾನು ಕಚೇರಿಗೆ ಅಲೆಯುತ್ತಿರುವ ಹೊತ್ತಿಗೇ ಸರಿಯಾಗಿ ಬಿಳಿ ಹೆಂಗಸೊಬ್ಬಳು ಫೈಲು ಹಿಡಿದು ಬಂದರೆ ಯಾರಿಗೆ ತಾನೇ ನಗು ಬರುತ್ತದೆ?

"ಮೇಷ್ಟ್ರೇ, ಇವ್ರ ಮುತ್ತಾತ ಬಡಗಿಯಂತೆ," ಎಂದು ಪುಟ್ಟಸ್ವಾಮಿ ಶುರುಮಾಡಿದ. "ಎಸ್ಟೇಟಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡ್ಸೋ ಪಲ್ಪರ್ ಮನೆ ಕಟ್ಟಕ್ಕೆ ಅಮೆರಿಕದಿಂದ ಹಡಗು ಹತ್ಕಂಡ್ ಬಂದಿದ್ರಂತೆ. ಎಲ್ಲಿದ್ರು, ಏನ್ ಕೆಲ್ಸ ಮಾಡಿದ್ರು ಅಂತ ಹುಡುಕ್ತಾವ್ರೆ. ಈ ಊರಲ್ಲಿ ರೈಟರ್ ಮನೆ ಅಂದ್ರೆ ನಿಮ್ದೇ ಅಲ್ವಾ, ಅದಕ್ಕೇ ಕರ್ಕಂಡ್ ಬಂದೆ."

ಆಕೆ ಬಾವಿಯವರೆಗೂ ನಡೆದುಹೋಗಿ ಕೈಗಡಿಯಾರ ನೋಡಿಕೊಂಡರು. "ಅದು ಹೆಜ್ಜೆ ಎಣಿಸೋ ವಾಚು," ಎಂದ ಪುಟ್ಟಸ್ವಾಮಿ, ಹೆಮ್ಮೆಯಿಂದ. ಆಮೇಲೆ ಕಾಫಿ ಗಿಡದ ಬುಡದಿಂದ ಚಿಟಿಕೆ ಮಣ್ಣು ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಅಳತೆಯಾಯಿತು, ಮಣ್ಣು ಪರೀಕ್ಷೆಯೂ ಆಯಿತು, ಇನ್ನು ಬೇಲಿ ಹಾಕುವುದೊಂದೇ ಬಾಕಿ ಎಂದುಕೊಂಡು, ಕಾಫಿಗೆ ನೀರಿಡಲು ಎದ್ದುಹೋಗಿದ್ದ ಶಾರದೆಯ ಬಳಿಗೆ ಒಳಗೆ ಓಡಿದೆ.

"ಕಾಫಿಗೀಫಿ ಏನೂ ಬೇಡ. ಬೇಗ ಕಳಿಸಿಬಿಡಾಣ," ಎಂದೆ.

"ಒಂದ್ ಲೋಟ ಕಾಫಿ ಕೊಟ್ರೆ ತೋಟ ಬರ್ಕೊಟ್ಟಂಗಾಯ್ತದಾ?" ಎಂದಳು ಶಾರದೆ. "ಪಾಪ, ಆಯಮ್ಮ ಅಷ್ಟ್ ದೂರದಿಂದ ಬಂದದೆ. ನೀವ್ ಆ ಮುಖ ಒಸಿ ಸಡ್ಲ ಮಾಡ್ಕಳಿ."

ಕಾಫಿ ಕುಡಿದು ಆಕೆ ಫೈಲಿನಿಂದ ಒಂದು ಹಳೆಯ ಕಾಗದ ತೆಗೆದರು. ಬಡಗಿ ತನ್ನ ಹೆಂಡತಿಗೆ ಬರೆದದ್ದು. ಆಕೆ ಓದಿದಂತೆ ಪುಟ್ಟಸ್ವಾಮಿ ಕನ್ನಡದಲ್ಲಿ ಹೇಳುತ್ತಾ ಹೋದ. ಬಡಗಿಗೆ ಮಲೇರಿಯಾ ಹಿಡಿದಾಗ ರೈಟರ್ ಸುಬ್ಬಯ್ಯ ಎನ್ನುವವರು ಮನೆಯಲ್ಲಿಟ್ಟುಕೊಂಡು ಮೂರು ತಿಂಗಳು ಗಂಜಿ ಹಾಕಿ ಬದುಕಿಸಿದರಂತೆ. ಎದ್ದು ಕೂರುವಂತಾದ ಮೇಲೆ ಬಡಗಿ ಮಾಡಿದ ಮೊದಲ ಕೆಲಸ, ಸುಬ್ಬಯ್ಯನವರ ಮಗ ಚನ್ನಯ್ಯನಿಗೆ ಹಲಸಿನ ಮರದ ತೊಟ್ಟಿಲು.

ಚನ್ನಯ್ಯ ನನ್ನ ತಾತ. ಆಕೆಯ ಕಣ್ಣಲ್ಲಿ ನೀರಿತ್ತು. ನನಗೆ ಕಂಡದ್ದು ಮಾತ್ರ ನಮ್ಮ ಪಹಣಿಯ ಹೆಸರು ಪರರ ಫೈಲಿನಲ್ಲಿ ಕುಳಿತಿರುವುದು.

"ಸುಬ್ಬಯ್ಯ ಅಂದ್ರೆ ನಮ್ಮ..." ಎಂದು ಶಾರದೆ ಬಾಯಿ ತೆರೆದಳು. ನಾನು ಕೆಮ್ಮಿದ ರಭಸಕ್ಕೆ ಜಗಲಿಯ ಕೋಳಿ ಅಂಗಳಕ್ಕೆ ಹಾರಿತು.

"ನಮ್ ಮುತ್ತಾತ ರಂಗಪ್ಪ," ಎಂದೆ. "ಸುಬ್ಬಯ್ಯ ಅನ್ನೋರು ನಮ್ಮ ಪೈಕಿ ಯಾರೂ ಇಲ್ಲ. ಸಂಪಾಜೆ ಕಡೆ ವಿಚಾರಿಸಿ ನೋಡಿ."

ಸಂಪಾಜೆ ಜಿಲ್ಲೆಯ ಇನ್ನೊಂದು ತುದಿ. ಅದಕ್ಕಿಂತ ದೂರದ ಊರು ಆ ಗಳಿಗೆಗೆ ಹೊಳೆಯಲಿಲ್ಲ. ಆಕೆ ಪುಸ್ತಕದಲ್ಲಿ ರಂಗಪ್ಪ ಎಂದು ಬರೆದುಕೊಂಡು, ವಿಳಾಸದ ಚೀಟಿ ಕೊಟ್ಟು, ಎರಡೂ ಕೈ ಜೋಡಿಸಿ ಹೊರಟರು. ಶಾರದೆ ಅವತ್ತು ಊಟದ ತಟ್ಟೆಯನ್ನು ನನ್ನ ಮುಂದೆ ಕುಕ್ಕಿ ಇಟ್ಟಳು. ನಾನು ಮಾತ್ರ ತೋಟ ಉಳಿಸಿದ ಖುಷಿಯಲ್ಲಿ ಎರಡು ತುತ್ತು ಹೆಚ್ಚೇ ಉಂಡೆ.

ಹದಿನೈದು ದಿನಕ್ಕೆ ಕಚೇರಿಯಿಂದ ಅರ್ಜಿ ವಾಪಸ್ಸು ಬಂತು. ಗುಮಾಸ್ತರು ಒಳ್ಳೆಯ ಮನುಷ್ಯ, ಕೂರಿಸಿ ಹೇಳಿದರು: "ಮೇಷ್ಟ್ರೇ, ನೀವು ಚನ್ನಯ್ಯನ ಮೊಮ್ಮಗ ಅನ್ನೋದಕ್ಕೆ ಕಾಗದ ಅದೆ. ಚನ್ನಯ್ಯ ಸುಬ್ಬಯ್ಯನ ಮಗ ಅನ್ನೋದಕ್ಕೇ ಏನೂ ಇಲ್ಲ. ಹಳೇದು ಒಂದ್ ಕಾಗದ ಇದ್ರೂ ಸಾಕು, ತನ್ನಿ."

ಬಸ್ಸಿನಲ್ಲಿ ಬರುವಾಗ ಆ ಫೈಲು ಕಣ್ಣಮುಂದೆ ಬಂತು. ಮನೆಗೂ ಹೋಗದೆ ನೇರ ಪುಟ್ಟಸ್ವಾಮಿಯ ಬಳಿ ಹೋಗಿ, ನಿಜ ಒಪ್ಪಿಕೊಂಡು, ಸುಬ್ಬಯ್ಯನವರು ನಮ್ಮವರೇ, ಆ ಕಾಗದದ ಒಂದು ಪ್ರತಿ ದಯವಿಟ್ಟು ಕಳಿಸಿ ಎಂದು ಆಕೆಗೆ ಇ-ಮೇಲ್ ಬರೆಸಿದೆ.

ಮೂರನೇ ದಿನ ಉತ್ತರ ಬಂತು. ಪುಟ್ಟಸ್ವಾಮಿ ಓದಿ ಹೇಳಿದ. ಸಂಪಾಜೆಗೆ ಹೋಗಿ ಬಂದ ಮೇಲೆ ಸುಬ್ಬಯ್ಯನವರ ವಂಶದವರೆಂದು ಆಕೆಗೆ ಈಗಾಗಲೇ ನಾಲ್ಕು ಮನೆಯವರು ಬರೆದಿದ್ದಾರಂತೆ, ನಾವು ಐದನೆಯವರಂತೆ. ಅದರಲ್ಲೂ ನಾನು ರಂಗಪ್ಪ ಎಂದದ್ದು ಅವರ ಪುಸ್ತಕದಲ್ಲಿದೆಯಂತೆ. ತಪ್ಪು ತಿಳಿಯಬಾರದು, ಚನ್ನಯ್ಯ ಸುಬ್ಬಯ್ಯನವರ ಮಗ ಎನ್ನುವುದಕ್ಕೆ ಹಳೆಯ ಕಾಗದ ಒಂದಿದ್ದರೆ ಮೊದಲು ಕಳಿಸಿಕೊಡಬೇಕಂತೆ.