ನೂರು ಮೀಟರಿನ ಮಹಾವೇಗಿಗಳಿಗೆ ಮೂರನೆಯ ಗಡಿಯಾರದವನ ದೂರು

ಭೂಮಿಯ ಮೇಲೆ ಈವರೆಗೆ ಓಡಿದವರಲ್ಲೆಲ್ಲ ಅತಿ ವೇಗಿಗಳೆನಿಸಿಕೊಂಡ, ಒಂದು ಕೆಲಸಕ್ಕೆ ಹತ್ತು ಸೆಕೆಂಡು ಪೂರ್ತಿ ಕೊಡುವಷ್ಟೂ ವ್ಯವಧಾನವಿಲ್ಲದ ಮಾನ್ಯರೇ,

ತಾವು ನಿಂತು ಓದುವವರಲ್ಲವೆಂದು ಬಲ್ಲೆನಾದರೂ ನಮಸ್ಕಾರಗಳು. ನಾನು ವಾರವಿಡೀ ದರ್ಜಿ. ಕ್ರೀಡಾಕೂಟದ ದಿನ ಮಾತ್ರ, ಗೆದ್ದವರ ಸಮಯ ಹಿಡಿಯುವ ಮೂವರಲ್ಲಿ ಮೂರನೆಯವ. ಪಿಸ್ತೂಲಿನ ಹೊಗೆ ಕಂಡೊಡನೆ ಗಡಿಯಾರದ ಗುಂಡಿ ಒತ್ತುವುದು, ಆಮೇಲೆ ಮುಕ್ತಾಯದ ಗೆರೆಯನ್ನೇ ದಿಟ್ಟಿಸಿ, ಮೊದಲ ಎದೆ ದಾಟಿದೊಡನೆ ಇನ್ನೊಮ್ಮೆ ಒತ್ತುವುದು, ಇಷ್ಟೇ ಕೆಲಸ. ಇಪ್ಪತ್ತೆರಡು ವರ್ಷಗಳಲ್ಲಿ ಎದೆಗಳನ್ನು ನೋಡಿದ್ದೇನೆ, ಅಂಗಿಗಳ ಹೊಲಿಗೆ ಬಿಟ್ಟಿದ್ದನ್ನು ನೋಡಿದ್ದೇನೆ, ಒಂದೇ ಒಂದು ಮುಖ ನೋಡಿಲ್ಲ. ಮುಖವೆಂದರೆ ಅಂಗಡಿಯ ಗೋಡೆಗೆ ಮಗಳು ಅಂಟಿಸಿದ ತಮ್ಮ ಚಿತ್ರಗಳದ್ದೇ: ಹಲ್ಲು ಕಡಿದು, ಹುಬ್ಬು ಗಂಟಿಕ್ಕಿ, ಬಸ್ಸಿನ ಹಿಂದೆ ಓಡುವವರ ಹಾಗೆ. ಇದನ್ನು ನೋಡದಿದ್ದರೆ ನಷ್ಟವೇನಿಲ್ಲ ಎಂದುಕೊಂಡಿದ್ದೆ. ತಾವು ನನಗೆ ಮೋಸ ಮಾಡಿದ್ದು ಇಲ್ಲೇ.

ಕಳೆದ ಭಾನುವಾರ ಅದೇ ಮಗಳು ಅಂತಿಮ ಓಟಕ್ಕೆ ನಿಂತಳು. "ಮಗಳ ಓಟಕ್ಕೆ ಅಪ್ಪ ಯಾಕ್ರೀ, ಪಕ್ಕಕ್ಕೆ ಕೂತ್ಕೊಳ್ಳಿ" ಎಂದ ಮುಖ್ಯ ತೀರ್ಪುಗಾರರಿಗೆ, "ನನ್ನ ಕಣ್ಣು ಗೆರೆ ಬಿಟ್ಟು ಕದಲಲ್ಲ ಸಾರ್" ಎಂದು ಜಂಬ ಕೊಚ್ಚಿಕೊಂಡೆ. ಹೊಗೆ ಎದ್ದಿತು, ಒತ್ತಿದೆ. ಅವಳು ಎಂಬತ್ತು ಮೀಟರು ದಾಟುವ ಹೊತ್ತಿಗೆ ಕಣ್ಣು ಒಂದೇ ಒಂದು ಸಲ ಜಾರಿತು. ಮಾನ್ಯರೇ, ಅವಳು ನಗುತ್ತಿದ್ದಳು! ಎಲ್ಲರಿಗಿಂತ ಮುಂದೆ, ಬಾಯ್ತುಂಬ, ನಾಲ್ಕು ವರ್ಷದವಳಿದ್ದಾಗ ನನ್ನ ಅಳತೆಪಟ್ಟಿ ಕದ್ದು ಅಂಗಡಿಯೆಲ್ಲ ಓಡಾಡುತ್ತ ನಕ್ಕಿದ್ದಳಲ್ಲ, ಹಾಗೆಯೇ. ನಾನೂ ನಕ್ಕೆ, ಕುಣಿದೆ, ಒತ್ತಿ ಮುಗಿಸಿದ್ದ ಪಕ್ಕದ ಗಡಿಯಾರದವರನ್ನು ತಬ್ಬಿಕೊಂಡೆ. ಎರಡನೆಯ ಸಲ ಗುಂಡಿ ಒತ್ತುವುದನ್ನು ಮಾತ್ರ ಮರೆತೆ.

ಉಳಿದ ಗಡಿಯಾರಗಳಲ್ಲಿ ಒಂದು ಹನ್ನೆರಡು ಪಾಯಿಂಟ್ ಮೂರು ಎಂದಿತು, ಇನ್ನೊಂದು ಹನ್ನೆರಡು ಪಾಯಿಂಟ್ ನಾಲ್ಕು. ಮೂರರಲ್ಲಿ ಎರಡು ಒಪ್ಪಿದರೆ ಅದೇ ಸಮಯ. ಇರುವುದೇ ಎರಡಾಗಿ ಅವೂ ಜಗಳವಾಡಿದರೆ ನಿಧಾನದ್ದೇ ಸಮಯ, ಇದು ನಿಯಮ. ಕೂಟದ ಹಳೆಯ ದಾಖಲೆಯೂ ಹನ್ನೆರಡು ಪಾಯಿಂಟ್ ನಾಲ್ಕೇ. ಒತ್ತಿದ್ದರೆ ನನ್ನದೂ ಪಾಯಿಂಟ್ ಮೂರು ಎಂದೇ ಹೇಳುತ್ತಿತ್ತು, ನನ್ನ ಹೆಬ್ಬೆರಳಾಣೆ. ಅಪ್ಪ ಮುಖ ನೋಡಿದ್ದಕ್ಕೆ ಮಗಳ ದಾಖಲೆ ಕೈತಪ್ಪಿತು, ಮೂರು ದಿನದಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಸೆಕೆಂಡನ್ನು ಹತ್ತಾಗಿ, ನೂರಾಗಿ ಸೀಳಿ ಅದರ ಚೂರಿಗೂ ಇಷ್ಟು ಮರ್ಯಾದೆ ತಂದುಕೊಟ್ಟ ಕೀರ್ತಿ ತಮ್ಮದೇ ಆದ್ದರಿಂದ, ತಾವು ಉಳಿಸಿದ ಚೂರುಗಳಲ್ಲಿ ಸೆಕೆಂಡಿನ ಹತ್ತರಲ್ಲೊಂದು ಪಾಲನ್ನು ನನ್ನ ಮಗಳಿಗೆ ದಯಪಾಲಿಸಬೇಕು. ಆಗದಿದ್ದರೆ, ಓಟಗಾರರೆಲ್ಲರೂ ಎಂಬತ್ತು ಮೀಟರಿಗೆ ಬಂದಾಗ ತುಸು ನಿಂತು, ಹೆತ್ತವರಿಗೆ ಮುಖ ತೋರಿಸಿ, ಮುಂದುವರಿಯುವ ಪದ್ಧತಿಯನ್ನು ತಾವೇ ಶುರುಮಾಡಬೇಕು. ಗೋಡೆಗೆ ನಗುವ ಚಿತ್ರಗಳನ್ನೂ ಕಳಿಸಿಕೊಡಿ, ಬೇರೆ ಅಪ್ಪಂದಿರಿಗಾದರೂ ಮುನ್ಸೂಚನೆ ಸಿಗಲಿ.

ಕಾಲಿಗೆ ಬೀಳೋಣವೆಂದರೆ ತಮ್ಮ ಕಾಲೇ ಸಿಗದ,
ತಮ್ಮ ವಿಶ್ವಾಸಿ,
ಮೂರನೆಯ ಗಡಿಯಾರದವ

ಮರೆತ ಮಾತು: ಅಂದು ನಿಲ್ಲಿಸದ ಆ ಗಡಿಯಾರ ಹೊಲಿಗೆ ಯಂತ್ರದ ಮೇಲೆ ಇನ್ನೂ ಓಡುತ್ತಲೇ ಇದೆ. ಈ ಪತ್ರ ಮಡಚುವಷ್ಟರಲ್ಲಿ ಮಗಳು ಬಂದು, ಅದನ್ನು ಎತ್ತಿ ನೋಡಿ, "ನಿಲ್ಲಿಸ್ಬೇಡಪ್ಪಾ, ಓಡ್ತಿರ್ಲಿ" ಎಂದು ನಕ್ಕಳು. ಅದರ ಪ್ರಕಾರ ಅವಳು ಮೂರು ದಿನ ಆರು ಗಂಟೆಗಳಿಂದ ಓಡುತ್ತಿದ್ದಾಳೆ. ತಮ್ಮದೆಲ್ಲ ಹತ್ತು ಸೆಕೆಂಡಿಗೇ ಮುಗಿದುಹೋಗುತ್ತದಂತಲ್ಲ, ಪಾಪ!