ಮೊದಲನೇ ನಂಬರಿನ ಏಕಾದಶಿ

ಬಳ್ಳಾರಿಯ ಸತ್ಯನಾರಾಯಣಪೇಟೆಯ ವಿಶ್ವಪ್ರಿಯನ ಮನೆಯಲ್ಲಿ ಜಗಳಕ್ಕೆ ಕಾರಣವಾದದ್ದು ಒಂದು ಮೇಜು. ಖಾಸಗಿ ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದ ಈ ನಲವತ್ತೆರಡರ ಗೃಹಸ್ಥ, ತಾಯಿ ವೆಂಕೂಬಾಯಿ ಮಡಿಯಲ್ಲಿ ಮಾಡುವ ಸಾರಿನ ಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟುಗಳನ್ನು ಊರಿಗೆಲ್ಲ ಮಾರುತ್ತೇನೆಂದು ಆರು ತಿಂಗಳ ಹಿಂದೆ ವೆಬ್‌ಸೈಟ್ ತೆರೆದಿದ್ದ. ಅದಕ್ಕೊಂದು ಮೇಜು, ಅದರ ಮೇಲೊಂದು ಕಂಪ್ಯೂಟರು, ಸುತ್ತಲೂ ಖಾಲಿ ರಟ್ಟಿನ ಡಬ್ಬಿಗಳು. ಎಲ್ಲ ಸೇರಿ ಪಡಸಾಲೆಯನ್ನು ನುಂಗಿದ್ದವು. ಪ್ರತಿ ಏಕಾದಶಿ ಸಂಜೆ ಅಲ್ಲಿ ಹಾಡುತ್ತಿದ್ದ ವೆಂಕೂಬಾಯಿಯ ಭಜನಾ ಮಂಡಳಿ ಹಿತ್ತಲಿಗೆ ಹೋಗಿ, ಒಂದು ಕೈಯಲ್ಲಿ ಸೊಳ್ಳೆ ಹೊಡೆಯುತ್ತ ಇನ್ನೊಂದರಲ್ಲಿ ತಾಳ ಹಾಕುವಂತಾಗಿತ್ತು.

"ಆರು ತಿಂಗಳಾತು. ಒಬ್ಬನರೇ ಗಿರಾಕಿ ಬಂದಾನೇನು?" ಎಂದು ವೆಂಕೂಬಾಯಿ ಕಡೆಗೊಮ್ಮೆ ಗಡುವು ಕೊಟ್ಟೇಬಿಟ್ಟರು. "ಈ ಏಕಾದಶಿ ಸಂಜಿಯೊಳಗ ನನಗೊಬ್ಬ ಗಿರಾಕಿನ್ನ ತೋರಸು. ಇಲ್ಲಾಂದ್ರ ಮೇಜು ಅಟ್ಟಕ್ಕ."

ಆ ಮೇಜೆಂದರೆ ವಿಶ್ವಪ್ರಿಯನಿಗೆ ಪ್ರಾಣ. ಕಾಲೇಜಿನಲ್ಲಿ ಅವನಿಗಿದ್ದದ್ದು ಬಾಗಿಲ ಹಿಂದಿನ ಒಂದು ಸ್ಟೂಲು. ಅಲ್ಲಿ ಎಲ್ಲರೂ ಅವನನ್ನು ಕರೆದು ಕೆಲಸ ಹೇಳುವವರೇ. ಮನೆಯ ಮೇಜಿನ ಮುಂದೆ ಕೂತಾಗ ಮಾತ್ರ ಅವನು ಮಾಲೀಕ.

ಪಕ್ಕದ ಮನೆಯ ತಿಪ್ಪೇರುದ್ರಪ್ಪನವರದು ಕಿರಾಣಿ ಅಂಗಡಿ. ಮಗಳು ಅನುಷಾ ಆ ಅಂಗಡಿಗೆ ನಾಲ್ಕು ವರ್ಷದ ಹಿಂದೆಯೇ ಸೈಟ್ ಮಾಡಿಕೊಟ್ಟಿದ್ದಳು. ವಿಶ್ವಪ್ರಿಯನಿಗೂ ಅವಳೇ ಗುರು.

"ಅಂಕಲ್, ನಿಮ್ಮ ಪುಡಿ ಚಲೋ ಐತಿ ಅಂತ ನೀವೇ ಬರಕೊಂಡ್ರ ಯಾರು ನೋಡ್ತಾರ? ಜನ ಏನು ಹುಡುಕ್ತಾರೋ ಅದನ್ನ ಬರೀರಿ. ಆಗ ಗೂಗಲ್ ನಿಮ್ಮನ್ನ ಮ್ಯಾಲೆ ತರತೈತಿ" ಎಂದಿದ್ದಳು.

ನಮ್ಮ ಜನ ಏನು ಹುಡುಕುತ್ತಾರೆ? ವಿಶ್ವಪ್ರಿಯ ಎರಡು ದಿನ ಯೋಚಿಸಿದ. ಹದಿನೈದು ದಿನಕ್ಕೊಮ್ಮೆ ನೆಂಟರೆಲ್ಲ ಫೋನ್ ಮಾಡಿ ಕೇಳುವುದು ಒಂದೇ: "ಏಕಾದಶಿ ಇವತ್ತೋ, ನಾಳೆಯೋ?" ಅವನು ಪಂಚಾಂಗ ಇಟ್ಟುಕೊಂಡು ವರ್ಷದ ಏಕಾದಶಿಗಳನ್ನೂ, ಮರುದಿನ ದ್ವಾದಶಿಯಂದು ಉಪವಾಸ ಮುರಿದು ಊಟ ಮಾಡುವ ಪಾರಣೆಯ ಸಮಯವನ್ನೂ ಸೈಟಿಗೆ ಏರಿಸಿದ.

ಕಾರ್ತಿಕದ ಕಡೆಯ ಏಕಾದಶಿ ಭಾನುವಾರ ಬಂತು. ಬೆಳಿಗ್ಗೆ ವಿಶ್ವಪ್ರಿಯ ಮೊಬೈಲಿನಲ್ಲಿ ಹುಡುಕಿ ನೋಡಿದರೆ ಅವನ ಸೈಟೇ ಮೊದಲನೇ ನಂಬರು! ಮಠಗಳಿಗಿಂತ ಮೇಲೆ, ಪೇಪರುಗಳಿಗಿಂತ ಮೇಲೆ. ಎರಡನೇ ನಂಬರಿನಲ್ಲಿ ತಿಪ್ಪೇರುದ್ರಪ್ಪನವರ ಅಂಗಡಿ. ಪೂಜಾ ಸಾಮಾನೂ ಮಾರುತ್ತಿದ್ದುದರಿಂದ ಅವರೂ ಏಕಾದಶಿ ಪಟ್ಟಿ ಹಾಕಿದ್ದರು.

ಎಂಟು ಗಂಟೆಯ ಹೊತ್ತಿಗೆ ಸೈಟಿಗೆ ಮೂರು ಸಾವಿರ ಜನ ಬಂದಿದ್ದರು. ಕೊಂಡವರ ಸಂಖ್ಯೆ ಮಾತ್ರ ಸೊನ್ನೆ. ಯಾಕೆಂದು ಅವನಿಗೆ ಹೊಳೆಯುವ ಮೊದಲೇ ಫೋನ್ ಬಡಿದುಕೊಂಡಿತು.

"ಅಲ್ರೀ, ನಿಮಗೇನರೇ ತಿಳೀತದೋ ಇಲ್ಲೋ?" ಕುರುಗೋಡಿನಿಂದ ಒಬ್ಬ ಹೆಂಗಸಿನ ದನಿ. "ಏಕಾದಶಿ ದಿನ ನೀರೂ ಕುಡೀದೆ ಕೂತೀನಿ. ಪಾರಣಿ ಸಮಯ ನೋಡೋಣಂತ ತಗದ್ರ ಬಿಸಿ ಅನ್ನದ ಮ್ಯಾಲೆ ಚಟ್ನಿಪುಡಿ, ಅದರ ಮ್ಯಾಲೆ ತುಪ್ಪ! ಪಾಪ ತಟ್ಟತದ ನಿಮಗ!"

ವಿಶ್ವಪ್ರಿಯ ತಲೆ ಹಿಡಿದುಕೊಂಡ. ಮೂರು ಸಾವಿರ ಗಿರಾಕಿಗಳು ಬಾಗಿಲಿಗೆ ಬಂದಿದ್ದಾರೆ, ಮೂರು ಸಾವಿರವೂ ಉಪವಾಸ. ಊಟ ಮಾಡದ ದಿನ ಹುಡುಕಿಕೊಂಡು ಬರುವವರಿಗೆ ಊಟದ ಸಾಮಾನು ಮಾರಲು ಹೊರಟ ಬುದ್ಧಿವಂತ ಬಳ್ಳಾರಿಯಲ್ಲಿ ಇವನೊಬ್ಬನೇ ಇದ್ದಿರಬೇಕು.

ಅಷ್ಟರಲ್ಲಿ ಕಾಂಪೌಂಡ್ ಗೋಡೆಯ ಮೇಲೆ ತಿಪ್ಪೇರುದ್ರಪ್ಪನವರ ಮುಖ ಕಾಣಿಸಿತು. ಕೈಯಲ್ಲಿ ಮಂಡಕ್ಕಿ ಒಗ್ಗರಣೆಯ ತಟ್ಟೆ, ಅದರ ಮೇಲೆ ಎರಡು ಮಿರ್ಚಿ ಬಜ್ಜಿ. ತಾನೂ ಉಪವಾಸವಿದ್ದ ವಿಶ್ವಪ್ರಿಯ ಮುಖ ಆಚೆ ತಿರುಗಿಸಿದ.

"ಏನ್ರಿ ಆಚಾರ್ರ, ಒಂದನೇ ನಂಬರ್ ಅಂತ? ನಾಕು ವರ್ಷದಿಂದ ನೋಡೀನಿ. ನೋಡೋರು ಬಾಳ ಬರ್ತಾರ, ಕೊಳ್ಳೋರು ಬರಂಗಿಲ್ಲ." ಅವರು ಮಿರ್ಚಿ ಕಡಿದರು. "ಮೇಜು ಅಟ್ಟಕ್ಕ ಏರ್ಸೋದಿದ್ರ ಕೂಗ್ರಿ. ಒಂದು ಕೈ ಹಚ್ತೀನಿ."

ಹತ್ತು ಗಂಟೆಗೆ ಸಿರುಗುಪ್ಪದಿಂದ ಫೋನ್ ಬಂತು. ಮಾತಾಡಿದವರು ಸತ್ಯಾತ್ಮ ಎಂಬ ನಿವೃತ್ತ ಮೇಷ್ಟ್ರು.

"ನಾಳೆ ಏಳೂ ಇಪ್ಪತ್ತರೊಳಗ ಪಾರಣಿ ಆಗಬೇಕಂತ ಹಾಕೀರಿ. ಅಷ್ಟು ನಸುಕಿನಾಗ ನನಗ ಅಗಸಿ ಸೊಪ್ಪು ಎಲ್ಲಿ ಸಿಗಬೇಕು? ನೆಲ್ಲಿಕಾಯಿ ಎಲ್ಲಿ ತರಬೇಕು? ಸಮಯ ಹೇಳಿದೋರು ಸಾಮಾನೂ ಕೊಡ್ರಿ!"

ವಿಶ್ವಪ್ರಿಯ ಕುರ್ಚಿಯಿಂದ ಎದ್ದು ನಿಂತ. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ! ಇವತ್ತು ಉಪವಾಸ ಇರುವವರು ನಾಳೆ ಬೆಳಿಗ್ಗೆ ಊಟ ಮಾಡಲೇಬೇಕು. ಅದೂ ಹೊತ್ತಿಗೆ ಸರಿಯಾಗಿ, ಅದೂ ಸಂಪ್ರದಾಯದಂತೆ ಅಗಸೆ ಸೊಪ್ಪು, ನೆಲ್ಲಿಕಾಯಿಯ ಜೊತೆಗೇ.

ಮೊದಲು ಚಟ್ನಿಪುಡಿಯ ಫೋಟೋ ಕಿತ್ತು ಹಾಕಿದ. ಪಾರಣೆ ಸಮಯದ ಕೆಳಗೇ ದಪ್ಪಕ್ಷರದಲ್ಲಿ ಬರೆದ: 'ಪಾರಣೆ ಬುಟ್ಟಿ. ಸೋಸಿದ ಅಗಸೆ ಸೊಪ್ಪು, ನೆಲ್ಲಿಕಾಯಿ, ಹೆಸರುಬೇಳೆ, ವೆಂಕೂಬಾಯಿಯವರ ಮಡಿ ಸಾರಿನ ಪುಡಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿಗೆ ಇಂದು ಸಂಜೆಯೊಳಗೆ.' ಬರೆದು ಕಣ್ಣು ಮುಚ್ಚಿ ಕೂತ.

ಕಣ್ಣು ಬಿಡುವಷ್ಟರಲ್ಲಿ ಮೊದಲ ಆರ್ಡರ್. ಸತ್ಯಾತ್ಮ ಮೇಷ್ಟ್ರು! ಎರಡನೆಯದು ಬೆಳಿಗ್ಗೆ ಶಾಪ ಹಾಕಿದ್ದ ಕುರುಗೋಡಿನ ಹೆಂಗಸಿನದು. ಹನ್ನೆರಡಕ್ಕೆ ಇಪ್ಪತ್ತಾದವು, ಎರಡಕ್ಕೆ ಎಪ್ಪತ್ತು.

"ಅವ್ವಾ! ಒಬ್ಬ ಗಿರಾಕಿ ತೋರಸು ಅಂದಿದ್ಯಲ್ಲ, ಬಾ, ಎಣಸು!"

ವೆಂಕೂಬಾಯಿ ಕನ್ನಡಕ ಏರಿಸಿ ಪರದೆ ನೋಡಿದರು. ಮಗನ ಮುಖ ನೋಡಿದರು. "ಇಷ್ಟು ಸೊಪ್ಪು ಯಾರು ಸೋಸಬೇಕೋ?" ಎಂದರು. ಆದರೆ ಅವರ ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು.

ವಿಶ್ವಪ್ರಿಯ ಫೋನ್ ಮಾಡಿದ್ದೇ ತಡ, ರೂಪನಗುಡಿಯಲ್ಲಿ ಎಲೆಬಳ್ಳಿ ತೋಟವಿದ್ದ ಪರಿಚಯದ ಎರ್ರಿಸ್ವಾಮಿ, ಬಳ್ಳಿ ಹಬ್ಬಿಸಿದ್ದ ಅಗಸೆ ಮರಗಳನ್ನೆಲ್ಲ ಬೋಳಿಸಿ, ಮೂರು ಚೀಲ ಸೊಪ್ಪನ್ನು ಬೈಕಿನ ಮೇಲೆ ಹೇರಿಕೊಂಡು ಬಂದ. ಪೇಟೆಯಲ್ಲಿದ್ದ ನೆಲ್ಲಿಕಾಯಿಯನ್ನೆಲ್ಲ ವಿಶ್ವಪ್ರಿಯನೇ ಕೊಂಡು ತಂದ. ಸಂಜೆಯ ಭಜನೆಗೆ ಬರಬೇಕಿದ್ದ ಹನ್ನೊಂದು ಮಂದಿ ಹೆಂಗಸರನ್ನು ವೆಂಕೂಬಾಯಿ ಮಧ್ಯಾಹ್ನವೇ ಕರೆಸಿ, ಹಿತ್ತಲಿಗೆ ಕಳಿಸದೆ ಪಡಸಾಲೆಯಲ್ಲೇ ಕೂರಿಸಿ, ಮುಂದೆ ಸೊಪ್ಪು ಸುರಿದರು. ಬಾಯಲ್ಲಿ ದೇವರನಾಮ, ಕೈಯಲ್ಲಿ ಅಗಸೆ ಸೊಪ್ಪು. ಹಾಡಿನ ಲಯ ಜೋರಾದಷ್ಟೂ ಬುಟ್ಟಿಗಳು ಬೇಗ ಬೇಗ ತುಂಬಿದವು.

ನೀರೂ ಇಲ್ಲದ ಹೊಟ್ಟೆಯಲ್ಲಿ ವಿಶ್ವಪ್ರಿಯ ಸ್ಕೂಟರಿನ ಮೇಲೆ ಬಸ್‌ಸ್ಟ್ಯಾಂಡಿಗೆ ಆರು ಸಲ ಓಡಾಡಿದ. ಸಿರುಗುಪ್ಪದ ಬಸ್ಸಿಗೆ ನಲವತ್ತು ಬುಟ್ಟಿ, ಕುರುಗೋಡಿನ ಬಸ್ಸಿಗೆ ಇಪ್ಪತ್ತೈದು. ಆಯಾ ಊರಿನವರು ಬಸ್ಸಿಗೆ ಕಾದು ನಿಂತು ಇಳಿಸಿಕೊಂಡರು. ಸತ್ಯಾತ್ಮ ಮೇಷ್ಟ್ರು ಬುಟ್ಟಿಯ ಜೊತೆ ತಮ್ಮ ಫೋಟೋ ತೆಗೆಸಿ ಕಳಿಸಿದರು.

ಸಂಜೆ ತಿಪ್ಪೇರುದ್ರಪ್ಪ ತಾವೇ ಬಾಗಿಲಿಗೆ ಬಂದರು. "ಸೋತೆ ಆಚಾರ್ರ, ಒಪ್ಪಿಕೊಂಡೆ. ನನಗೂ ಐದು ಬುಟ್ಟಿ ಕೊಡ್ರಿ."

"ನಿಮಗ್ಯಾಕ್ರಿ? ನಿಮ್ಮಲ್ಲಿ ಏಕಾದಶಿನೂ ಇಲ್ಲ, ಪಾರಣಿನೂ ಇಲ್ಲ."

"ಇರ್ಲಿ ಬಿಡ್ರಿ. ನೆರೆಮನಿಯೋರು ಗೆದ್ದಾಗ ತಗೊಳ್ಳದಿದ್ರ ಹೆಂಗ?"

ಅವರನ್ನೂ ಗೆದ್ದೆನೆಂದು ವಿಶ್ವಪ್ರಿಯನಿಗೆ ಕಣ್ಣು ತುಂಬಿ ಬಂತು. ಆರೂವರೆಗೆ ಕಡೆಯದೊಂದು ಆರ್ಡರ್ ಪಾರ್ವತಿನಗರದಿಂದ ಬಂತು. ಬುಟ್ಟಿ ಮುಗಿದಿದ್ದವು. ನೋಡಿದರೆ ಅಡುಗೆಮನೆಯ ಗೂಡಿನಲ್ಲಿ ಒಂದು ಉಳಿದಿತ್ತು. ದೇವರೇ ಇಟ್ಟಂತಿದೆ ಎಂದು ಅದನ್ನೂ ಕೊಟ್ಟು ಬಂದ.

"ಪಡಸಾಲಿ ನಿನ್ನದಪಾ" ಎಂದರು ವೆಂಕೂಬಾಯಿ. ವಿಶ್ವಪ್ರಿಯ ಆ ದಿನ ಖಾಲಿ ಹೊಟ್ಟೆಯಲ್ಲೂ ರಾಜನಂತೆ ಮಲಗಿದ.

ದ್ವಾದಶಿಯ ಬೆಳಿಗ್ಗೆ ಆರಕ್ಕೆ ಅಡುಗೆಮನೆಯಿಂದ ಕೂಗು ಬಂತು. "ವಿಶ್ವಾ! ಗೂಡಿನಾಗ ನಮ್ಮ ಪಾರಣಿಗೆ ಇಟ್ಟಿದ್ದ ಬುಟ್ಟಿ ಎಲ್ಲೋ?"

ವಿಶ್ವಪ್ರಿಯ ಪಾರ್ವತಿನಗರಕ್ಕೆ ಕೊಟ್ಟು ಬಂದದ್ದು ಅದನ್ನೇ! ಸ್ಕೂಟರ್ ಹತ್ತಿ ಮಾರ್ಕೆಟ್ಟಿಗೆ ಓಡಿದ. ಅಗಸೆ ಸೊಪ್ಪು? "ನಿನ್ನೆ ಯಾರೋ ಪುಣ್ಯಾತ್ಮ ರೂಪನಗುಡಿ ಮರಾನೆಲ್ಲ ಬೋಳಿಸ್ಯಾನ್ರಿ." ನೆಲ್ಲಿಕಾಯಿ? "ಅವನ್ನೂ ಅವನೇ ಒಯ್ದಾನ್ರಿ." ಬರಿಗೈಯಲ್ಲಿ ಮನೆಗೆ ಬಂದಾಗ ಆರೂ ಮುಕ್ಕಾಲು. ಬೇರೆ ದಾರಿ ಕಾಣದೆ ಮೊಬೈಲ್ ತೆಗೆದು ಹುಡುಕಿದ: 'ಪಾರಣೆ ಬುಟ್ಟಿ ಬಳ್ಳಾರಿ'.

ಮೊದಲನೇ ನಂಬರ್, ಅವನದೇ ಸೈಟು. 'ಸಾಮಾನು ಮುಗಿದಿದೆ. ಮುಂದಿನ ಏಕಾದಶಿಗೆ ಬನ್ನಿ.'

ಎರಡನೇ ನಂಬರ್, ತಿಪ್ಪೇರುದ್ರಪ್ಪ ಕಿರಾಣಿ. 'ಪಾರಣೆ ಬುಟ್ಟಿ. ಒಂದೇ ಉಳಿದಿದೆ. ಬೇಗ ಮಾಡಿ.'

ವಿಶ್ವಪ್ರಿಯ ಆರ್ಡರ್ ಒತ್ತಿದ. ಎರಡು ನಿಮಿಷಕ್ಕೆ ಕಾಂಪೌಂಡ್ ಗೋಡೆಯ ಮೇಲಿಂದ, ನಿನ್ನೆ ತಾನೇ ಮಾರಿದ್ದ ಐದರಲ್ಲೊಂದು ಬುಟ್ಟಿ ಇಳಿಯಿತು. ಅದರ ಹಿಂದೆ ತಿಪ್ಪೇರುದ್ರಪ್ಪನವರ ನಗುಮುಖ.

"ತಗೊರ್ರಿ ಆಚಾರ್ರ! ನಿಮ್ಮಲ್ಲಿ ಮುಗದೈತಿ ಅಂತ ನೋಡಿದೋರೆಲ್ಲ ಕೆಳಗ ನನ್ನ ಹತ್ರ ಬಂದ್ರು. ಮುಂದಿನ ಸಲನೂ ನೀವು ಒಂದನೇ ನಂಬರೇ ಇರ್ರಿ. ನನಗ ಎರಡನೇದೇ ಸಾಕು."

ಏಳೂ ಹದಿನೆಂಟಕ್ಕೆ ಪಾರಣೆಯೇನೋ ಆಯಿತು. ಕೈ ತೊಳೆದು ಬಂದ ವಿಶ್ವಪ್ರಿಯ ತನ್ನ ಮೇಜಿನ ಮುಂದೆ ಕೂರಲು ಹೋದರೆ, ವೆಂಕೂಬಾಯಿ ಆಗಲೇ ಅದರ ಒಂದು ತುದಿ ಹಿಡಿದು ನಿಂತಿದ್ದರು.

"ಹಿಡಿ ಆ ಕಡೆ, ಅಟ್ಟಕ್ಕ" ಎಂದರು. "ಗಿರಾಕಿನ್ನ ತೋರಸು ಅಂದ್ರ ಪಕ್ಕದ ಮನಿಯೋರಿಗೆ ನೀನೇ ಗಿರಾಕಿ ಆಗಿ ನಿಂತ್ಯಲ್ಲೋ!"